ಶುಭೋದಯಗಳ ಕೆಳಗೆ ಸಿಕ್ಕಿದ ವರದಿ

‘ಸ್ವೀಕರಿಸಲಾಗಿದೆ’ ಎಂಬ ಪದದ ಮೇಲೆ ನನಗಿದ್ದ ಗೌರವ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೊರಟುಹೋಯಿತು. ಆವತ್ತು ಶಿವಮೊಗ್ಗದ ನಮ್ಮ ಲ್ಯಾಬಿನ ಕೌಂಟರಿಗೆ ಭದ್ರಾವತಿಯಿಂದ ಒಬ್ಬರು ಬಂದಿದ್ದರು. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುವವರು. ನಲವತ್ತೈದರ ಆಸುಪಾಸು, ಒಗೆದು ಇಸ್ತ್ರಿ ಮಾಡಿದ ಅಂಗಿ, ಆದರೂ ತೋಳಿನಲ್ಲಿ ಯಂತ್ರದ ಎಣ್ಣೆಯ ವಾಸನೆ. ಅವರ ಹೆಂಡತಿಯ ಎದೆಯಲ್ಲಿದ್ದ ಗಂಟಿನಿಂದ ತೆಗೆದ ತುಣುಕು ಪರೀಕ್ಷೆಗೆಂದು ನಮ್ಮಲ್ಲಿಗೆ ಬಂದು ಆರು ವಾರವಾಗಿತ್ತು. ವರದಿ ಏನಾಯಿತು ಎಂದು ಕೇಳಲು ಬಂದಿದ್ದರು, ಜಗಳಕ್ಕಲ್ಲ. ಗಂಟು ಸ್ವಲ್ಪ ದೊಡ್ಡದಾದ ಹಾಗಿದೆ ಎಂದು ಹೆಂಡತಿ ಹೇಳಿದ್ದರಂತೆ, ಅದಕ್ಕೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ, ನನ್ನದೂ ಸೇರಿದಂತೆ.

ಕೌಂಟರಿನಾಕೆ ಕಂಪ್ಯೂಟರ್ ನೋಡಿ, ವರದಿ ಐದು ವಾರದ ಹಿಂದೆಯೇ ಹೋಗಿದೆಯಲ್ಲ ಎಂದಳು. ಸರ್ಜನ್‌ಗೆ ಒಂದು ಪ್ರತಿ, ಮನೆಯವರ ಮೇಲ್‌ಗೆ ಒಂದು ಪ್ರತಿ. ಸರ್ಜನ್ ಹತ್ತಿರ ಕೇಳಿಕೊಂಡೇ ಬಂದಿದ್ದ ಅವರು, ಎರಡೂ ಬಂದಿಲ್ಲ ಎಂದು ಶಾಂತವಾಗಿ ಹೇಳಿದರು. “ಏನಾದ್ರೂ ಇದ್ರೆ ಡಾಕ್ಟ್ರು ಫೋನ್ ಮಾಡ್ತೀನಿ ಅಂದಿದ್ರು ಮೇಡಂ. ಫೋನ್ ಬರಲಿಲ್ಲ. ಏನೂ ಇಲ್ಲ ಅಂತ ನಾವು ಖುಷಿಯಾಗಿದ್ವಿ.”

ನನ್ನನ್ನು ಒಳಗಿನಿಂದ ಕರೆಸಿದರು. ಲ್ಯಾಬಿನ ಕಂಪ್ಯೂಟರು, ಪ್ರಿಂಟರು, ಮೇಲು, ಇನ್ವರ್ಟರು ಮತ್ತು ಗೋಡೆ ಗಡಿಯಾರಗಳ ಸಮಸ್ತ ಉಸ್ತುವಾರಿ ನನ್ನದು. ನಾನು ಗಂಭೀರವಾಗಿ ಮೇಲ್‌ನ ದಾಖಲೆ ತೆಗೆದೆ. ನಮ್ಮ ಸರ್ವರು ಎರಡು ಪತ್ರಗಳನ್ನೂ ಆಯಾ ಕಂಪನಿಯ ಬಾಗಿಲಿಗೆ ಒಯ್ದಿತ್ತು, ಆ ಕಡೆಯವರು ‘ಸ್ವೀಕರಿಸಲಾಗಿದೆ’ ಎಂದು ಉತ್ತರ ಕೊಟ್ಟಿದ್ದರು, ಗಂಟೆ ನಿಮಿಷ ಸೆಕೆಂಡು ಸಮೇತ. ಸ್ಕ್ರೀನನ್ನು ಅವರ ಕಡೆ ತಿರುಗಿಸಿ, ನೋಡಿ, ಹೋಗಿದೆ ಎಂದೆ. ಅವರು ಮೀಟರಿನ ಮುಳ್ಳು ನೋಡುವವರ ಹಾಗೆ ಬಗ್ಗಿ ಆ ಸಾಲನ್ನು ನೋಡಿದರು.

“ಹೋಗಿರೋದು ಸರಿ ಸಾರ್. ಮುಟ್ಟಿದೆಯಾ?”

ಇಷ್ಟು ವರ್ಷ ಮೇಲ್ ಸರ್ವರು ನೋಡಿಕೊಂಡು ಸಂಬಳ ತಗೊಂಡ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ವರದಿಯನ್ನು ಅಚ್ಚು ಹಾಕಿದೆವು. ಕೌಂಟರಿನಾಕೆ ಓದಿ, ಅವರ ಕೈಗೆ ಕೊಡದೆ, ಲ್ಯಾಬಿನ ಯಜಮಾನರಾದ ಡಾಕ್ಟರಿಗೆ ಕೊಟ್ಟಳು. ಎಪ್ಪತ್ತು ದಾಟಿದ ಹಿರಿಯರು ಅವರು. ಊರಿನ ಅರ್ಧ ಡಾಕ್ಟರುಗಳಿಗೆ ಒಂದಲ್ಲ ಒಂದು ಕಾಲದಲ್ಲಿ ಪಾಠ ಹೇಳಿದವರು. ಓದಿ, ಕನ್ನಡಕ ತೆಗೆದು, ತಾವೇ ಎದ್ದು ಬಂದು ಆ ಮನುಷ್ಯನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಒಂದು ಕುರ್ಚಿ ಎಳೆದ ಸದ್ದು ಬಂತು.

ಆವತ್ತು ಮಧ್ಯಾಹ್ನವೇ ಸರ್ಜನ್ ಆಕೆಯನ್ನು ನೋಡಿದರು. ಆ ವಾರದಲ್ಲೇ ಸ್ಕ್ಯಾನ್ ಆಯಿತು. ಕ್ಯಾನ್ಸರ್ ಗಂಟನ್ನು ದಾಟಿ ಲಿವರಿಗೆ ಹೋಗಿತ್ತು. ಈ ಐದು ವಾರದಲ್ಲೇ ಹೋಯಿತೇ ಎಂದು ನಮ್ಮ ಡಾಕ್ಟರು ಫೋನಿನಲ್ಲಿ ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರಂತೆ ಸರ್ಜನ್. ಆ ಉತ್ತರದ ಮೇಲೆ ಮನುಷ್ಯನಿಗೆ ಮಲಗಲೂ ಆಗುವುದಿಲ್ಲ, ಏಳಲೂ ಆಗುವುದಿಲ್ಲ.

ನನ್ನ ಮುಂದೆ ಎರಡು ಕೆಲಸ ಬಿದ್ದವು. ಇನ್ನೂ ಎಷ್ಟು ಜನರಿಗೆ ಹೀಗಾಗಿದೆ ಎಂದು ನೋಡುವುದು ಒಂದು. ಯಾಕೆ ಆಯಿತು ಎಂದು ಹುಡುಕುವುದು ಇನ್ನೊಂದು.

ಮೊದಲನೆಯದಕ್ಕೆ ತಲೆ ಬೇಕಿರಲಿಲ್ಲ, ಬಾಯಿ ಬೇಕಿತ್ತು. ಹಿಂದಿನ ತಿಂಗಳುಗಳ ವರದಿಗಳಲ್ಲಿ ತಡ ಮಾಡಬಾರದಂಥವನ್ನು ಆರಿಸಿ, ಕೌಂಟರಿನಾಕೆಯೂ ನಾನೂ ಮೂರು ದಿನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಕೆಲವರಿಗೆ ಮೇಲ್ ಮುಟ್ಟಿತ್ತು. ಮುಟ್ಟದವರು ತಾವೇ ಬಂದು ಕಾಗದದ ಪ್ರತಿ ಒಯ್ದಿದ್ದರು. ನಮ್ಮನ್ನು ನಂಬದವರೆಲ್ಲ ಬಚಾವಾಗಿದ್ದರು. ನಂಬಿ ಮನೆಯಲ್ಲಿ ಕೂತವರು ಇವರೊಬ್ಬರೇ.

ಕಾಗದ ಬಿಟ್ಟು ಮೇಲ್ ಹಿಡಿದದ್ದು ಯಾರ ಬುದ್ಧಿ ಎಂದು ಇಲ್ಲೇ ಹೇಳಿಬಿಡುತ್ತೇನೆ. ನನ್ನದು. ‘ಕಾಗದರಹಿತ ಸೇವೆ’ ಎಂಬ ಶೀರ್ಷಿಕೆಯಲ್ಲಿ ನಾಲ್ಕು ಪುಟದ ಟಿಪ್ಪಣಿಯನ್ನು, ಕಾಗದದ ಮೇಲೆಯೇ, ಡಾಕ್ಟರಿಗೆ ಸಲ್ಲಿಸಿದವನು ನಾನು. ಕೇಳಿದವರಿಗೆ ಮಾತ್ರ ಪ್ರಿಂಟ್, ಉಳಿದವರಿಗೆ ಮೇಲ್ ಎಂಬ ನಿಯಮ ನನ್ನ ಅಕ್ಷರದಲ್ಲೇ ಇದೆ.

ಎರಡನೆಯ ಕೆಲಸಕ್ಕೆ ಕೂತೆ. ಒಂದು ಮೇಲ್ ಹೊರಟಾಗ ಅದನ್ನು ಪಡೆಯುವ ಕಂಪನಿಯ ಯಂತ್ರ ಕೆಲವು ಪ್ರಶ್ನೆ ಕೇಳುತ್ತದೆ. ಈ ವಿಳಾಸದ ಪರವಾಗಿ ಪತ್ರ ತರಲು ಈ ಸರ್ವರಿಗೆ ಅಧಿಕಾರವಿದೆಯೇ? ಅಧಿಕಾರವುಳ್ಳ ಸರ್ವರುಗಳ ಪಟ್ಟಿಯನ್ನು ನಾವು ಎಲ್ಲರಿಗೂ ಕಾಣುವಂತೆ ಪ್ರಕಟಿಸಿರಬೇಕು. ತೆಗೆದು ನೋಡಿದರೆ ನಮ್ಮ ಪಟ್ಟಿಯಲ್ಲಿ ಹಳೆಯ ಸರ್ವರಿನ ಹೆಸರಿತ್ತು. ಹೊಸದಕ್ಕೆ ಬದಲಾಯಿಸಿದಾಗ ಪಟ್ಟಿಯನ್ನು ತಿದ್ದಬೇಕಿತ್ತು, ತಿದ್ದಿರಲಿಲ್ಲ. ತಿದ್ದಬೇಕಾದವನು ಯಾರೆಂದು ಕೇಳಬೇಡಿ, ಉಸ್ತುವಾರಿಗಳ ಪಟ್ಟಿ ಆಗಲೇ ಕೊಟ್ಟಿದ್ದೇನೆ. ಅಂದರೆ ನಮ್ಮ ಲ್ಯಾಬಿನ ಪತ್ರಗಳೆಲ್ಲ ತಿಂಗಳುಗಟ್ಟಲೆ ಗುರುತಿನ ಚೀಟಿ ಇಲ್ಲದೆ ಊರೂರು ತಿರುಗಿದ್ದವು.

ಪಟ್ಟಿ ತಿದ್ದಿದೆ. ತಿದ್ದಿದ್ದು ಲೋಕಕ್ಕೆಲ್ಲ ತಿಳಿಯಲು ಒಂದು ದಿನ ಬೇಕು. ಮರುದಿನ ನನ್ನದೇ ಐದು ಖಾತೆಗಳಿಗೆ ಪರೀಕ್ಷಾ ಪತ್ರ ಕಳಿಸಿದೆ. ಎರಡು ಇನ್‌ಬಾಕ್ಸಿಗೆ ಬಂದವು, ಮೂರು ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಗೆ. ಮುಂದಿನ ಪ್ರಶ್ನೆ ಮೊಹರಿನದು. ಪ್ರತಿ ಪತ್ರಕ್ಕೂ ಸರ್ವರು ಒಂದು ಗುಪ್ತ ಮೊಹರು ಒತ್ತುತ್ತದೆ, ಅದನ್ನು ಪರೀಕ್ಷಿಸುವ ಕೀಲಿಯನ್ನು ನಾವು ಮೊದಲೇ ಪ್ರಕಟಿಸಿರುತ್ತೇವೆ. ನಮ್ಮ ಕೀಲಿ ಎರಡು ಸಾಲಿನ ಉದ್ದ. ಅಂಟಿಸುವಾಗ ಮೊದಲ ಸಾಲು ಮಾತ್ರ ಅಂಟಿತ್ತು. ಅರ್ಧ ಕೀಲಿಯಿಂದ ಯಾವ ಬೀಗವೂ ತೆರೆಯುವುದಿಲ್ಲ. ಪೂರ್ತಿ ಅಂಟಿಸಿ ಇನ್ನೊಂದು ದಿನ ಕಾದೆ. ಐದಕ್ಕೆ ಐದೂ ಇನ್‌ಬಾಕ್ಸಿಗೆ ಬಂದವು.

ಡಾಕ್ಟರ ಕೋಣೆಗೆ ಹೋಗಿ, ದೋಷ ನಿವಾರಣೆಯಾಗಿದೆ ಎಂದು ವರದಿ ಒಪ್ಪಿಸಿದೆ. ಅವರು ಸುಮ್ಮನೆ ತಲೆಯಾಡಿಸಿದರು. ಸಂಭ್ರಮ ಪಡುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ, ಆದರೂ ಸಿಬ್ಬಂದಿಗೆಲ್ಲ ಕಾಫಿ ತರಿಸಿದರು. ಕಾಫಿ ಆರುವ ಮೊದಲು ಸರ್ಜನ್ ಅವರ ರಿಸೆಪ್ಷನ್ನಿಗೆ ಒಂದು ಪರೀಕ್ಷಾ ಪತ್ರ ಕಳಿಸಿ ಫೋನ್ ಮಾಡಿದೆ. ಇನ್‌ಬಾಕ್ಸಿನಲ್ಲಿ ಇಲ್ಲ ಸಾರ್ ಎಂದಳು ಅಲ್ಲಿಯ ಹುಡುಗಿ. ಸ್ಪ್ಯಾಮಿನಲ್ಲಿ ನೋಡಮ್ಮ ಎಂದೆ. ಸ್ವಲ್ಪ ಹೊತ್ತಾದ ಮೇಲೆ, ಇದೆ ಎಂದಳು. ಆ ಸ್ವಲ್ಪ ಹೊತ್ತಿನಲ್ಲಿ ಏನೋ ಇದೆ ಎಂದು ನನಗೆ ಅನ್ನಿಸಿತು, ಆದರೆ ಏನೆಂದು ಹೊಳೆಯಲಿಲ್ಲ.

ಪತ್ರದ ಒಳಗಿನದೇ ತಪ್ಪಿರಬಹುದು ಎಂದುಕೊಂಡೆ. ನಮ್ಮ ವರದಿಗೆ ಪಾಸ್‌ವರ್ಡ್ ಇರುತ್ತದೆ, ಬೀಗ ಹಾಕಿದ ಕಡತವೆಂದರೆ ಯಂತ್ರಗಳಿಗೆ ಅನುಮಾನ. ಬೀಗವಿಲ್ಲದೆ ಕಳಿಸಿದೆ, ಸ್ಪ್ಯಾಮ್. ಕಡತವೇ ಇಲ್ಲದೆ ಕಳಿಸಿದೆ, ಸ್ಪ್ಯಾಮ್. ರೋಗಗಳ ಹೆಸರು ತೆಗೆದೆ. ಲ್ಯಾಬಿನ ಚಿತ್ರ ತೆಗೆದೆ. ಕಡೆಗೆ ‘ನಮಸ್ಕಾರ’ ಎಂಬ ಒಂದೇ ಪದ ಬರೆದು ಕಳಿಸಿದೆ. ಅದೂ ಸ್ಪ್ಯಾಮ್. ನಮ್ಮ ಮಾತಿನ ಮೇಲಲ್ಲ, ನಮ್ಮ ಮೇಲೆಯೇ ಆ ಪೆಟ್ಟಿಗೆಗೆ ಸಿಟ್ಟಿತ್ತು.

ಎದ್ದು ಸರ್ಜನ್ ಅವರ ಕ್ಲಿನಿಕ್ಕಿಗೇ ಹೋದೆ. ದುರ್ಗಿಗುಡಿಯಲ್ಲಿ, ನಮ್ಮಿಂದ ಎರಡು ಬೀದಿ ಆಚೆ. ಅಷ್ಟು ದಿನ ಯಂತ್ರಗಳನ್ನು ವಿಚಾರಿಸಿದವನು ಈ ಎರಡು ಬೀದಿ ನಡೆದಿರಲಿಲ್ಲ. ರಿಸೆಪ್ಷನಿಸ್ಟ್ ಸಂಕೋಚದಿಂದ ಕಂಪ್ಯೂಟರನ್ನು ಬಿಟ್ಟುಕೊಟ್ಟಳು. ಸ್ಪ್ಯಾಮ್ ಪೆಟ್ಟಿಗೆ ತೆಗೆದೆ.

ಶುಭೋದಯ. ಶುಭೋದಯ. ಶುಭೋದಯ. ಶುಭೋದಯ. ನಡುವೆ ನನ್ನ ಪರೀಕ್ಷಾ ಪತ್ರಗಳು. ಮತ್ತೆ ಶುಭೋದಯ.

ನಮ್ಮ ಡಾಕ್ಟರಿಗೆ ಒಂದು ಪದ್ಧತಿಯಿತ್ತು. ಪ್ರತಿದಿನ ಬೆಳಿಗ್ಗೆ ಏಳಕ್ಕೆ, ಲ್ಯಾಬಿಗೆ ಎಂದಾದರೂ ವಿಳಾಸ ಕೊಟ್ಟ ಸಕಲರಿಗೂ ಒಂದು ಶುಭೋದಯ ಹೋಗುತ್ತಿತ್ತು. ಸೂರ್ಯೋದಯದ ಅಥವಾ ತಾವರೆಯ ಒಂದು ಚಿತ್ರ, ಅದರ ಕೆಳಗೆ ಆರೋಗ್ಯದ ಬಗ್ಗೆ ಡಾಕ್ಟರೇ ಹೊಸೆದ ಎರಡು ಸಾಲು. ‘ಮೆಟ್ಟಿಲು ಹತ್ತಿರಿ, ಲಿಫ್ಟನು ಮರೆಯಿರಿ; ಉಪ್ಪಿನಕಾಯಿಗೆ ಕೈ ತಡೆಹಿಡಿಯಿರಿ.’ ಈ ಧಾಟಿಯವು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಬರೆಯುತ್ತಿದ್ದುದು ಅವರು, ತಾನಾಗಿ ಹೋಗುವಂತೆ ಯಂತ್ರ ಕಟ್ಟಿಕೊಟ್ಟವನು ನಾನು. ವರದಿಗೊಂದು ವಿಳಾಸ, ಶುಭೋದಯಕ್ಕೊಂದು ವಿಳಾಸ ಬೇಕೇ ಎಂದು ಅವರು ಕೇಳಿದ್ದರು. ಬೇಡ ಸಾರ್, ಒಂದೇ ಇರಲಿ, ಜನಕ್ಕೆ ನಮ್ಮ ಹೆಸರು ಪರಿಚಯವಾಗುತ್ತದೆ ಎಂದಿದ್ದೆ. ಪರಿಚಯವೇನೋ ಚೆನ್ನಾಗಿಯೇ ಆಗಿತ್ತು.

ಇಂಥ ಪತ್ರಗಳ ಕೆಳಗೆ ‘ಇನ್ನು ಮುಂದೆ ಬೇಡ’ ಎನ್ನಲು ಒಂದು ಕೊಂಡಿ ಇಡಬೇಕೆಂಬುದು ಕಸುಬಿನ ನಿಯಮ. ಅದು ನನಗೆ ಗೊತ್ತಿತ್ತು. ಆದರೆ ಎಪ್ಪತ್ತು ದಾಟಿದವರು ಬೆಳಗಾಗೆದ್ದು ನಿಮಗೆ ಒಳ್ಳೆಯದಾಗಲಿ ಎನ್ನುವಾಗ, ಅದರ ಕೆಳಗೆ ‘ಬೇಡ’ ಎಂದು ಬರೆಯುವುದು ಅಪಶಕುನದ ಹಾಗೆ ಕಂಡಿತು. ಇಡಲಿಲ್ಲ. ಊರಿನವರೂ ಹಾಗೆಯೇ. ದಾರಿಯಲ್ಲಿ ಸಿಕ್ಕರೆ, ಸಾರ್, ಇವತ್ತಿನ ಸಾಲು ಬಹಳ ಚೆನ್ನಾಗಿತ್ತು ಎನ್ನುವರು. ಹಿರಿಯರ ಮುಖಕ್ಕೆ ಬೇಡ ಎನ್ನುವವರು ನಮ್ಮ ಕಡೆ ಇಲ್ಲ. ಮನೆಗೆ ಹೋಗಿ ಸದ್ದಿಲ್ಲದೆ ‘ಸ್ಪ್ಯಾಮ್’ ಎಂಬ ಗುಂಡಿ ಒತ್ತುತ್ತಿದ್ದರು, ಅಷ್ಟೇ. ಹಾಗೆ ಸಾಕಷ್ಟು ಜನ ಒತ್ತಿದ ಮೇಲೆ ಯಂತ್ರ ಎಲ್ಲ ಕಡೆಯೂ ನಮ್ಮನ್ನು ಅನುಮಾನದಿಂದ ನೋಡತೊಡಗಿತ್ತು. ಒತ್ತಿದವರ ಪೆಟ್ಟಿಗೆಯಲ್ಲಂತೂ ಅನುಮಾನವಲ್ಲ, ತೀರ್ಮಾನ. ಆ ವಿಳಾಸದಿಂದ ಏನು ಬಂದರೂ ಸೀದಾ ಕಸಕ್ಕೆ. ಅದಕ್ಕೆ ಶುಭೋದಯವೂ ಒಂದೇ, ವರದಿಯೂ ಒಂದೇ.

ನನ್ನ ಒಂದು ಪರೀಕ್ಷಾ ಪತ್ರ ತೆರೆದೆ. ಮೇಲ್ಗಡೆ ಬೂದು ಬಣ್ಣದ ಪಟ್ಟಿಯಲ್ಲಿ ಇಂಗ್ಲಿಷಿನ ಒಂದು ಸಾಲು. ಈ ಪತ್ರ ಇಲ್ಲೇಕಿದೆ ಎಂಬುದಕ್ಕೆ ಕಾರಣ: ಈ ವಿಳಾಸದಿಂದ ಬಂದ ಪತ್ರಗಳನ್ನು ಹಿಂದೆ ನೀವೇ ಸ್ಪ್ಯಾಮ್ ಎಂದು ತಿಳಿಸಿದ್ದೀರಿ. ತಿರುಗಿ ನೋಡಿದೆ. ಹುಡುಗಿ ಕಣ್ಣು ತಗ್ಗಿಸಿದಳು.

“ದಿನಾ ಬರುತ್ತಲ್ಲ ಸಾರ್. ಬೇಡ ಅನ್ನೋಕಾಗುತ್ತಾ? ನಮ್ಮ ಸಾರ್‌ಗೆ ಗುರುಗಳು ಅವರು.”

ಅವಳನ್ನು ಬೈಯುವ ಅರ್ಹತೆ ಇದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ವಾಪಸು ಬಂದು ಡಾಕ್ಟರಿಗೆ ಹೇಳಬೇಕಾಯಿತು. ಪಟ್ಟಿ, ಕೀಲಿ ಎಲ್ಲವನ್ನೂ ಮೊದಲು ಹೇಳಿ, ಇದನ್ನು ಕೊನೆಗಿಟ್ಟುಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡರು. ಮೇಜಿನ ಮೇಲೆ ಮರುದಿನದ ಎರಡು ಸಾಲು ಬರೆದ ಚೀಟಿ ಇತ್ತು. ಅದನ್ನು ಮಡಚುತ್ತಾ ಕೇಳಿದರು.

“ಅಂದ್ರೆ ಯಾರೂ ಓದ್ತಾ ಇರಲಿಲ್ವೇನಯ್ಯಾ?”

“ಕೆಲವರು ಓದ್ತಿದ್ರು ಸಾರ್.”

“ನೀನು?”

ನಾನು ಓದುತ್ತಿದ್ದೆ ಎಂದೆ. ಓದುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಏನೂ ಹೋಗಲಿಲ್ಲ. ಯಾರೊಬ್ಬರೂ ಯಾಕೆಂದು ಕೇಳಲಿಲ್ಲ.

ವರದಿಗಳಿಗೆ ಬೇರೆ ವಿಳಾಸ ಮಾಡಿದೆ. ತಡ ಮಾಡಬಾರದ ಪ್ರತಿ ವರದಿಗೂ ರೋಗಿಯ ಡಾಕ್ಟರಿಗೆ ಒಂದು ಫೋನ್, ಮನೆಯವರಿಗೆ ಒಂದು ಫೋನ್, ಜೊತೆಗೆ ಲಕೋಟೆಯಲ್ಲಿ ಕಾಗದದ ಪ್ರತಿ ಎಂದು ನಿಯಮ ಬರೆದೆ. ನನ್ನ ನಾಲ್ಕು ಪುಟದ ಟಿಪ್ಪಣಿಯನ್ನು ಅರ್ಧ ಪುಟ ರದ್ದು ಮಾಡಿತು.

ಅಷ್ಟರಲ್ಲಿ ರೋಗಿಯ ಕಡೆಯ ಬಂಧುವೊಬ್ಬರು ಕೌಂಟರಿಗೆ ಬಂದು, ಬಿಡುವುದಿಲ್ಲ, ಕೋರ್ಟಿಗೆ ಎಳೆಯುತ್ತೇವೆ ಎಂದು ಕೂಗಿಹೋದರು. ಲೇತ್ ಕೆಲಸದವರಲ್ಲ, ಬೇರೆ ಯಾರೋ. ಡಾಕ್ಟರ ಮನೆಯವರು ಗಾಬರಿಯಾಗಿ ಪರಿಚಯದ ವಕೀಲರನ್ನು ಕರೆಸಿದರು. ಎಲ್ಲವನ್ನೂ ಕೇಳಿದ ವಕೀಲರು ನನಗೆ ಒಂದೇ ಪ್ರಶ್ನೆ ಹಾಕಿದರು: ಆ ಬೂದು ಸಾಲು ರೋಗಿಯ ಫೋನಿನಲ್ಲೂ ಇರಬಹುದೇ? ಇರಬಹುದು ಎಂದೆ. ಇದ್ದರೆ ಅದರ ಫೋಟೋ ತಗೊಂಡು ಬನ್ನಿ, ತಾವೇ ಕಸಕ್ಕೆ ಹಾಕಿಕೊಂಡ ಮೇಲೆ ಲ್ಯಾಬಿನ ಹೊಣೆ ಏನು ಉಳಿಯುತ್ತದೆ ಎಂದರು. ಡಾಕ್ಟರು ಕಿಟಕಿಯ ಕಡೆ ನೋಡುತ್ತಾ, ಹೋಗಿ ನೋಡಿಕೊಂಡು ಬಾ ಎಂದರು.

ಹೋಗಲು ಪ್ರಾಮಾಣಿಕ ಕಾರಣವೂ ಇತ್ತು. ಆಕೆಗೆ ಕೀಮೊ ಶುರುವಾಗಿತ್ತು. ಪ್ರತಿ ಸುತ್ತಿಗೂ ಮೊದಲು ರಕ್ತಪರೀಕ್ಷೆ, ಅದರ ವರದಿ ಅದೇ ಫೋನಿಗೆ ಬರಬೇಕು. ಆ ಪೆಟ್ಟಿಗೆ ಸರಿಯಾಗಲೇಬೇಕಿತ್ತು. ಎರಡೂ ಕಾರಣಗಳನ್ನು ಒಂದೇ ಜೇಬಿನಲ್ಲಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಭದ್ರಾವತಿ ಬಸ್ ಹತ್ತಿದೆ. ರಜೆಯ ದಿನ ಮಾಚೇನಹಳ್ಳಿಯ ಶೆಡ್ಡುಗಳ ಬಾಗಿಲು ಹಾಕಿತ್ತು.

ಮನೆ ಹಳೇನಗರದ ಒಂದು ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ. ಆಕೆ ಓಣಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದವರು. ಮೂರು ಯಂತ್ರಗಳಿಗೆ ಮುಸುಕು ಹಾಕಿತ್ತು. ನಾಲ್ಕನೆಯದರ ಮುಂದೆ, ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡು ಆಕೆ ಕೂತಿದ್ದರು. ಯಾರದೋ ಕುಪ್ಪಸದ ಕೈ ಬಿಚ್ಚುತ್ತಿದ್ದರು. ಗಂಡ ನನ್ನನ್ನು ಪರಿಚಯಿಸಿದರು.

“ಮೇಲ್ ಡಾಕ್ಟ್ರಾ? ಬನ್ನಿ,” ಎಂದರು. “ನಿಮ್ಮ ದೊಡ್ಡ ಡಾಕ್ಟ್ರ ಪದ್ಯ ನಿಂತುಹೋಯ್ತಂತೆ? ಈಗ ಉಪ್ಪಿನಕಾಯಿ ಧೈರ್ಯವಾಗಿ ತಿಂತೀನಿ.”

ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಗಂಡ ನಕ್ಕರು, ಆಮೇಲೆ ನಾನೂ ನಕ್ಕೆ. ಕ್ಷಮೆ ಕೇಳಲು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯ ಹೇಳಲು ಹೊರಟರೆ, ಆಕೆ ತಡೆದು, ಮೊದಲು ಫೋನ್ ನೋಡಿ ಎಂದು ಕೈಗೆ ಕೊಟ್ಟರು.

ಸ್ಪ್ಯಾಮ್ ಪೆಟ್ಟಿಗೆ ತೆರೆದೆ. ಅವರ ಮೇಲ್ ಕಂಪನಿ ಕಸವನ್ನು ತಾನಾಗಿ ಅಳಿಸುವುದಿಲ್ಲ, ಎಲ್ಲ ಅಲ್ಲೇ ಇತ್ತು. ಸೂರ್ಯೋದಯಗಳು, ತಾವರೆಗಳು, ಅವುಗಳ ಕೆಳಗೆ ಎಲ್ಲೋ ಆಕೆಯ ಹೆಸರಿದ್ದ ವರದಿ. ಮುಟ್ಟಿದೆ. ಮೇಲೆ ಬೂದು ಸಾಲು ಬಂತು. ಅದೇ. ಹಿಂದೆ ನೀವೇ.

ಗಂಡ ನನ್ನ ಎಡಕ್ಕೆ ನಿಂತಿದ್ದರು. ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿದೆ.

“ಗಲತಿ ಎಲ್ಲಾಯ್ತು ಸಾರ್?” ಎಂದು ಕೇಳಿದರು. “ನಮ್ಮಲ್ಲಿ ಜಾಬ್ ರಿಜೆಕ್ಟ್ ಆದ್ರೆ ಯಾವ ಮೆಷಿನ್, ಯಾರ ಕೈ ಅಂತ ಕಾರ್ಡ್ ನೋಡ್ತಾರೆ. ಇದಕ್ಕೂ ಒಂದು ಕಾರ್ಡ್ ಇರ್ಬೇಕಲ್ಲ. ಈ ಫೋನಲ್ಲಿ ಏನಾದ್ರೂ ಒತ್ತಿದ್ರೆ ಹಿಂಗಾಗುತ್ತಾ?”

ಹೊಲಿಗೆ ಬಿಚ್ಚುತ್ತಿದ್ದ ಕತ್ತರಿಯ ಸದ್ದು ನಿಂತಿತು.

ಕಾರ್ಡು ನನ್ನ ಹೆಬ್ಬೆರಳಿನ ಕೆಳಗಿತ್ತು. ಫೋಟೋ ತೆಗೆಯಬೇಕಾದ ನನ್ನ ಫೋನು ಜೇಬಿನಲ್ಲಿತ್ತು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನಿಗೆ ಕೇಳುವಂಥದ್ದು, ಅದಕ್ಕೆ ಸುಳ್ಳು ಹೇಳಬಾರದು. ಇತ್ತ ಪೆಟ್ಟಿಗೆ ದುರಸ್ತಿಯ ಕ್ರಮವೂ ಸ್ಪಷ್ಟವಾಗಿತ್ತು. ನಮ್ಮ ವಿಳಾಸದ ಪತ್ರಗಳನ್ನೆಲ್ಲ ಆರಿಸಿ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಬೇಕು. ಒತ್ತಿದ ಕೂಡಲೇ ಪತ್ರಗಳು ಇನ್‌ಬಾಕ್ಸಿಗೆ ಹೋಗುತ್ತವೆ, ಆ ಬೂದು ಸಾಲು ಹೋಗುತ್ತದೆ. ಮತ್ತೆ ತರಿಸಲು ಬರುವುದಿಲ್ಲ. ಯಾವ ದುರಸ್ತಿಗೂ ಮೊದಲು ಇದ್ದ ಸ್ಥಿತಿಯನ್ನು ದಾಖಲಿಸಿಕೊಳ್ಳಬೇಕು ಎಂದು ನಾನೇ ಹತ್ತಾರು ಜನಕ್ಕೆ ಪಾಠ ಹೇಳಿದ್ದೇನೆ.

ದಾಖಲಿಸಿಕೊಳ್ಳದೆ ಒತ್ತಿದೆ.

“ಇಲ್ಲ,” ಎಂದೆ. “ಈ ಫೋನಿಗೆ ಬರೋಕೆ ಮುಂಚೇನೇ ಕೆಟ್ಟಿತ್ತು. ತಪ್ಪು ನಮ್ಮ ಸರ್ವರಿನದು. ನಾನು ನೋಡ್ಕೊಳ್ಳೋ ಸರ್ವರು.”

ಅದರಲ್ಲಿ ಮುಕ್ಕಾಲು ಪಾಲು ನಿಜವಿತ್ತು. ಪಟ್ಟಿಯೂ ಕೀಲಿಯೂ ಸರಿಯಿಲ್ಲದ ಆ ದಿನಗಳಲ್ಲಿ ಯಾರೂ ಏನೂ ಒತ್ತದಿದ್ದರೂ ಪತ್ರ ಅಲ್ಲಿಗೇ ಬೀಳಬಹುದಿತ್ತು. ಬೀಳದೆಯೂ ಇರಬಹುದಿತ್ತು. ಅವರು ಹೆಂಡತಿಯ ಕಡೆ ನೋಡಿ, ಸರಿ ಸಾರ್ ಎಂದರು. ಚಹಾಕ್ಕೆ ಹಾಲು ತರುತ್ತೇನೆಂದು ಹೊರಗೆ ಹೋದರು.

ಚಪ್ಪಲಿಯ ಸದ್ದು ಓಣಿಯ ತಿರುವಿಗೆ ಹೋಗುವವರೆಗೂ ಆಕೆ ಕಾದರು.

“ಆ ಸಾಲು ನಾನು ಮೊನ್ನೇನೇ ಓದಿದೀನಿ,” ಎಂದರು. “ಪಿಯುಸಿವರೆಗೆ ಹೋದವಳು ನಾನು. ಅಳಿಸೋದು ಹೆಂಗಂತ ಗೊತ್ತಾಗ್ಲಿಲ್ಲ ಅಷ್ಟೇ. ನೀವು ಅಳಿಸಿದ್ರಿ, ಒಳ್ಳೇದಾಯ್ತು.”

ನಾನು ಫೋನಿನ ಸೆಟ್ಟಿಂಗ್ ತೆರೆದೆ.

“ಒತ್ತಿದ್ದು ಅವರೇ. ಬೆಳಿಗ್ಗೆ ಏಳಕ್ಕೆ ಟಿಂಗ್ ಅಂದ್ರೆ ನಂಗೆ ನಿದ್ದೆ ಕೆಡುತ್ತಲ್ಲ, ಅದಕ್ಕೆ. ಆಗ ಎದೆಯ ಗಂಟು ನೋಯ್ತಿತ್ತು, ಬೆಳಗಿನ ಜಾವಕ್ಕೆ ನಿದ್ದೆ ಹತ್ತೋದು.” ಕುಪ್ಪಸದ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡರು. “ಅವರಿಗೆ ಗೊತ್ತಾಗೋದು ಬೇಡ ಸಾರ್. ಗೊತ್ತಾದ್ರೆ ಆ ಮನುಷ್ಯ ಮತ್ತೆ ಲೇತ್ ಮೇಲೆ ಕೈ ಇಡಲ್ಲ. ಯಾವಾಗ ಕೇಳಿದ್ರೂ ಈಗ ಹೇಳಿದ್ದೇ ಹೇಳಿ.”

ಹೇಳುತ್ತೇನೆ ಎಂದೆ. ನಮ್ಮ ಹೊಸ ವಿಳಾಸವನ್ನು ಆಕೆಯ ಫೋನಿನಲ್ಲಿ ಪರಿಚಿತರ ಪಟ್ಟಿಗೆ ಸೇರಿಸಿದೆ. ಇಲ್ಲಿಂದ ಬಂದದ್ದು ಎಂದಿಗೂ ಸ್ಪ್ಯಾಮಿಗೆ ಹೋಗಕೂಡದು ಎಂದು ನಿಯಮ ಹಾಕಿದೆ. ಒಂದು ಪರೀಕ್ಷಾ ಪತ್ರ ಕಳಿಸಿದೆ. ಟಿಂಗ್ ಎಂದಿತು. ಇಬ್ಬರೂ ಅದನ್ನು ಕೇಳಿದೆವು. ಅಷ್ಟರಲ್ಲಿ ಹಾಲು ಬಂತು.

ಶಿವಮೊಗ್ಗಕ್ಕೆ ಬಂದು ಡಾಕ್ಟರಿಗೆ, ಅಂಥ ಸಾಲೇನೂ ಇರಲಿಲ್ಲ ಎಂದೆ. ಅವರು ನಿರಾಳವಾದಂತೆ ಕಂಡರು. ಇದ್ದಿದ್ದರೆ ಏನು ಮಾಡಬೇಕಾಗುತ್ತಿತ್ತೋ ಎಂಬ ಭಯ ಅವರಿಗೂ ಇತ್ತು ಅಂತ ಕಾಣುತ್ತದೆ. ಘಟನೆಯ ಟಿಪ್ಪಣಿಯನ್ನು ನಾನು ಬರೆದೆ. ಕಾರಣಗಳ ಜಾಗದಲ್ಲಿ ಪಟ್ಟಿ, ಕೀಲಿ, ಶುಭೋದಯ, ‘ಬೇಡ’ ಎನ್ನಲು ಕೊಂಡಿ ಇಡದೇ ಇದ್ದದ್ದು, ಕಾಗದ ನಿಲ್ಲಿಸಿದ್ದು ಎಲ್ಲವನ್ನೂ ಬರೆದು ಕೆಳಗೆ ಸಹಿ ಹಾಕಿದೆ. ಡಾಕ್ಟರು ಅದರ ಜೊತೆಗೆ ಕೈಬರಹದಲ್ಲಿ ತಾವೊಂದು ಪತ್ರ ಬರೆದು, ತಪ್ಪು ನಮ್ಮದೇ ಎಂದು ಒಪ್ಪಿ, ತಾವೇ ಭದ್ರಾವತಿಗೆ ಹೋಗಿ ಕೊಟ್ಟು ಬಂದರು. ವಕೀಲರು ಆ ಮೇಲೆ ನಮ್ಮ ಕಡೆ ಬರಲಿಲ್ಲ. ಕೂಗಾಡಿದ ಬಂಧುವೂ ಬರಲಿಲ್ಲ.

ಆಕೆಯ ರಕ್ತದ ವರದಿಗಳು ಐದು ತಿಂಗಳು ತಪ್ಪದೆ ಮುಟ್ಟಿದವು. ಕಳಿಸಿದ ಪ್ರತಿ ಸಲವೂ ಕೌಂಟರಿನಾಕೆ ಫೋನ್ ಮಾಡಿ ಮುಟ್ಟಿತೇ ಎಂದು ಕೇಳುವಳು, ಆಕೆ, ಮುಟ್ಟಿತು ಕಣಮ್ಮ ಎನ್ನುವರು. ರಕ್ತದ ಕಣಗಳ ಸಂಖ್ಯೆಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ನೋಡಬಾರದು ಅಂದುಕೊಂಡೇ ನೋಡುತ್ತಿದ್ದೆ. ಆಮೇಲೆ ಒಂದು ಸುತ್ತಿನ ರಕ್ತ ಬರಲಿಲ್ಲ.

ನನ್ನ ಹೊಸ ಪದ್ಧತಿ ಬಹಳ ಶಿಸ್ತಿನದು. ದಿನ ತಪ್ಪಿದವರ ಹೆಸರನ್ನು ತಾನಾಗಿ ಫೋನ್ ಪಟ್ಟಿಯ ಮೇಲಕ್ಕೆ ತರುತ್ತದೆ. ಕೌಂಟರಿನಾಕೆ ಆ ಸಂಖ್ಯೆಗೆ ಫೋನ್ ಮಾಡಿ, ಮೇಡಂ, ರಕ್ತ ಕೊಡುವ ದಿನ ದಾಟಿದೆ ಎಂದಿದ್ದಾಳೆ. ಆ ಕಡೆಯಿಂದ ಗಂಡ, ಆಯ್ತಮ್ಮ ಎಂದಿದ್ದಾರೆ. ಮೂರು ದಿನ ಬಿಟ್ಟು ಪಟ್ಟಿ ಮತ್ತೆ ಆ ಹೆಸರನ್ನು ಮೇಲಕ್ಕೆ ತಂದಿದೆ, ಇವಳು ಮತ್ತೆ ಮಾಡಿದ್ದಾಳೆ, ಅವರು ಮತ್ತೆ ಆಯ್ತಮ್ಮ ಎಂದಿದ್ದಾರೆ. ಮೂರನೆಯ ಸಲದ ನಂತರ, ಒಂದು ಮಧ್ಯಾಹ್ನ, ಅವರೇ ಲ್ಯಾಬಿಗೆ ಬಂದರು. ನನ್ನನ್ನು ಹೊರಗೆ ಕರೆದರು. ಅವಳು ಹೋಗಿ ಹದಿನೈದು ದಿನ ಆಯಿತು, ಆ ನಂಬರಿಗೆ ಇನ್ನು ಮಾಡಬೇಡಿ ಎಂದು ಹೇಳುವುದಕ್ಕೆ. ಫೋನಿನಲ್ಲಿ ಆ ಹುಡುಗಿಗೆ ಹೇಳಲು ಬಾಯಿ ಬರಲಿಲ್ಲವಂತೆ.

ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತೆವು. ಕೆಲಸಕ್ಕೆ ಹೋಗುತ್ತಿದ್ದೀರಾ ಎಂದು ಕೇಳಿದೆ. ಹೋಗುತ್ತಿದ್ದೇನೆ ಎಂದರು. ಚಹಾ ಬಂದ ಮೇಲೆ ತಾವಾಗಿಯೇ ಶುರು ಮಾಡಿದರು.

“ಅದನ್ನ ಒತ್ತಿದ್ದು ನಾನೇ ಸಾರ್. ನಂಗೆ ಗೊತ್ತಿತ್ತು. ಆವತ್ತು ನಿಮ್ಮನ್ನ ಕೇಳಿದ್ದು ತಿಳ್ಕೊಳ್ಳೋಕಲ್ಲ. ಅವಳೆದುರು ಕೇಳಿದ್ರೆ ನೀವು ಇಲ್ಲ ಅಂತೀರ ಅಂತ ಅನ್ನಿಸ್ತು. ಅವಳ ಕಿವಿಗೆ ಬೀಳ್ಲಿ ಅಂತ ಕೇಳ್ದೆ. ಗಂಡನಿಂದ ಹಿಂಗಾಯ್ತು ಅನ್ನೋದು ತಲೇಲಿಟ್ಕೊಂಡು ಹೋಗೋದು ಬೇಡ ಅಂತ. ನೀವು ಇಲ್ಲ ಅಂದ್ರಿ. ಉಪಕಾರ ಆಯ್ತು.”

ಅಲ್ಲಿಗೆ ಸುಮ್ಮನಿರಬಹುದಿತ್ತು. ಆಕೆಗೆ ಕೊಟ್ಟ ಮಾತು ಹಾಗೇ ಇತ್ತು. ಆದರೆ ಅವರಿಗೆ ಗೊತ್ತಾಗಬಾರದು ಎಂದು ಕೊಟ್ಟ ಮಾತು ಅದು, ಅವರಿಗೆ ಮೊದಲೇ ಗೊತ್ತಿತ್ತು. ಒಮ್ಮೆ ಅವರ ಪ್ರಶ್ನೆಗೆ ಸುಳ್ಳು ಹೇಳಿದ್ದೆ, ಎರಡನೆಯ ಸಲ ಸಾಧ್ಯವಾಗಲಿಲ್ಲ.

“ಅವರಿಗೂ ಗೊತ್ತಿತ್ತು,” ಎಂದೆ. “ನಾನು ಬರೋಕೆ ಎರಡು ದಿನ ಮುಂಚೇನೇ ಓದಿದ್ರಂತೆ. ನಿಮಗೆ ಹೇಳಬೇಡಿ ಅಂದಿದ್ರು.”

ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರು ರಸ್ತೆಯ ಕಡೆ ತಿರುಗಿದರು. ಕುಡಿಯಲಿಲ್ಲ.

“ಐದು ತಿಂಗಳು,” ಎಂದರು.

ಗ್ಲಾಸನ್ನು ಬೆಂಚಿನ ಮೇಲಿಟ್ಟರು.

“ನಾನು ಒಂದು ಸಲ ಅವಳ ಹತ್ರ ಮಾಫಿ ಕೇಳಬಹುದಿತ್ತಲ್ಲ ಸಾರ್. ಹೋಗ್ಲಿ ಬಿಡಿ ಅನ್ನೋಳು ಅವಳು. ಅಷ್ಟು ಕೇಳಿಸ್ಕೊಂಡಿರ್ತಿದ್ದೆ.”